ಬ್ರೆಡ್ಡಿಗೂ ಬೇಸರವಾಗಬಾರದು

ಯೆಹೂದ್ಯರ ಮನೆಯಲ್ಲಿ ಶುಕ್ರವಾರ ಸಂಜೆ ಸಬ್ಬತ್ತಿನ ಊಟಕ್ಕೆ ಮುಂಚೆ, ದ್ರಾಕ್ಷಾರಸ ತುಂಬಿದ ಬಟ್ಟಲು ಹಿಡಿದು ಕಿಡ್ಡುಶ್ ಎಂಬ ಸ್ತುತಿ ಹೇಳುತ್ತಾರೆ. ಆಗ ಮೇಜಿನ ಮೇಲಿನ ಎರಡು ಹಲ್ಲಾ ಬ್ರೆಡ್ಡುಗಳಿಗೆ ಬಟ್ಟೆ ಹೊದಿಸಿರುತ್ತದೆ. ಇದಕ್ಕೆ ಅವರು ಕೊಡುವ ಕಾರಣಗಳಲ್ಲೊಂದು ನನಗೆ ಬಲು ಇಷ್ಟ. ಕ್ರಮದ ಪ್ರಕಾರ ಮೊದಲ ಸ್ತುತಿ ಸಲ್ಲಬೇಕಾದ್ದು ಬ್ರೆಡ್ಡಿಗೆ. ಅದನ್ನು ಹಿಂದಿಟ್ಟು ದ್ರಾಕ್ಷಾರಸಕ್ಕೆ ಮಣೆ ಹಾಕುವಾಗ ಅದು ನೋಡಿ ನಾಚಬಾರದು, ಅದಕ್ಕೇ ಮುಸುಕು.

ಈ ಬಟ್ಟೆಯ ವಿಷಯ ತಿಳಿದ ಮೇಲೆ ಅವರ ಕಟ್ಟಳೆಗಳನ್ನು ನಾನು ಬೇರೆ ಥರ ಓದತೊಡಗಿದೆ. ಎಷ್ಟು ಕುಡಿಯಬೇಕು ಎಂಬ ಅಳತೆ ಅಲ್ಲಿ ಇದ್ದೇ ಇದೆ. ಆದರೆ ಬಟ್ಟಲಿನ ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂಬ ಕಾಳಜಿ ಅದಕ್ಕಿಂತ ದೊಡ್ಡದು. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬದ ರಾತ್ರಿ ಕಡುಬಡವನಿಗೂ ನಾಲ್ಕು ಬಟ್ಟಲು ಸಿಗಲೇಬೇಕು, ಧರ್ಮದ ಅನ್ನ ಉಣ್ಣುವವನಾದರೂ ಸರಿ ಎನ್ನುತ್ತದೆ ಅವರ ಕಟ್ಟಳೆಗಳ ಸಂಗ್ರಹವಾದ ಮಿಶ್ನಾ. ಅದು ಸುಮಾರು 1800 ವರ್ಷ ಹಿಂದಿನ ಮಾತು. ಬಡವನಿಗೆ ಊಟ ಹಾಕಿ ಕೈತೊಳೆದುಕೊಳ್ಳುವುದು ಸುಲಭ; ಅವನಿಗೂ ಹಬ್ಬವಾಗಬೇಕು ಅನ್ನುವುದು ಬೇರೆ. ಅದೇ ರಾತ್ರಿ ಈಜಿಪ್ಟಿಗೆ ಬಿದ್ದ ಹತ್ತು ಪಿಡುಗುಗಳ ಹೆಸರು ಹೇಳುತ್ತ, ಒಂದೊಂದಕ್ಕೂ ಒಂದು ಹನಿ ಚೆಲ್ಲುತ್ತಾರೆ. ಶತ್ರು ನರಳಿದ್ದಾನೆ, ನಮ್ಮ ಸಂತೋಷ ಅಷ್ಟು ಕಡಿಮೆಯಾಗಲಿ ಎಂದು ಹಲವರು ಇದಕ್ಕೆ ಅರ್ಥ ಹೇಳುತ್ತಾರೆ.

ಕುಡಿಯಲೊಲ್ಲದವರಿಗೂ ದಾರಿಯಿದೆ. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯೆಹೂದ್ಯರು ಒಣದ್ರಾಕ್ಷಿ ನೆನೆಸಿ ಹಿಂಡಿದ ಶರಬತ್ತಿನಲ್ಲೇ ಕಿಡ್ಡುಶ್ ಮಾಡುತ್ತ ಬಂದವರು. ಅಮೆರಿಕದಲ್ಲಿ 1920ರಲ್ಲಿ ಪಾನನಿಷೇಧ ಬಂದಾಗ ಧಾರ್ಮಿಕ ಬಳಕೆಗೆ ವಿನಾಯಿತಿ ಸಿಕ್ಕಿತು. ಬೆನ್ನಿಗೇ ಆ ದ್ರಾಕ್ಷಾರಸಕ್ಕಾಗಿ ನಕಲಿ ರಬ್ಬಿಗಳೂ, ಅಂದರೆ ಧರ್ಮಗುರುಗಳೂ, ಹುಟ್ಟಿಕೊಂಡರು! ವಿದ್ವಾಂಸ ಲೂಯಿಸ್ ಗಿಂಜ್‌ಬರ್ಗ್ 1922ರಲ್ಲಿ, ಹುಳಿಯದ ದ್ರಾಕ್ಷಿರಸವೂ ಸಲ್ಲುತ್ತದೆ ಎಂದು ಶಾಸ್ತ್ರದ ಆಧಾರದಿಂದಲೇ ತೀರ್ಪು ಕೊಟ್ಟರು.

ಇಷ್ಟೆಲ್ಲ ಎಚ್ಚರವಿರುವಲ್ಲಿ ಪೂರಿಮ್ ಹಬ್ಬ ಮಾತ್ರ ತಲೆಕೆಳಗು. ಯೆಹೂದ್ಯರನ್ನು ಅಳಿಸಹೊರಟ ದುಷ್ಟ ಹಾಮಾನನಿಗೆ ಶಾಪ ಯಾವುದು, ಅವನನ್ನು ಎದುರಿಸಿದ ಮೊರ್ದೆಕೈಗೆ ಹರಕೆ ಯಾವುದು ಎಂದು ತಿಳಿಯದಷ್ಟು ಕುಡಿಯಬೇಕು ಎನ್ನುತ್ತಾರೆ ಅವರ ಶಾಸ್ತ್ರಚರ್ಚೆಗಳ ಗ್ರಂಥ ತಾಲ್ಮುಡ್‌ನಲ್ಲಿ ಪಂಡಿತ ರಾವಾ. ಅದರ ಬೆನ್ನಿಗೇ ಒಂದು ಕಥೆ. ರಬ್ಬಾ ಮತ್ತು ರಬ್ಬಿ ಜೇರಾ ಎಂಬ ಇಬ್ಬರು ಪಂಡಿತರು ಒಟ್ಟಿಗೆ ಪೂರಿಮ್ ಊಟಕ್ಕೆ ಕೂತರು. ಅಮಲೇರಿ ರಬ್ಬಾ ಎದ್ದು ಜೇರಾರ ಕತ್ತು ಕೊಯ್ದುಬಿಟ್ಟರು. ಮಾರನೆಯ ದಿನ ಪ್ರಾರ್ಥಿಸಿ ಬದುಕಿಸಿಕೊಂಡರು. ಮುಂದಿನ ವರ್ಷ ಮತ್ತೆ ಆಹ್ವಾನ ಹೋಯಿತು. ಪವಾಡ ಪ್ರತಿ ಸಲವೂ ನಡೆಯುವುದಿಲ್ಲವಲ್ಲ ಎಂದು ಜೇರಾ ಜಾರಿಕೊಂಡರು.

ಕಥೆ ಹೇಳಿದವರು ವಿಧಿಯನ್ನು ಅಳಿಸಲೂ ಇಲ್ಲ, ಕಥೆಯನ್ನು ಮುಚ್ಚಿಡಲೂ ಇಲ್ಲ. ಪಂಡಿತರು ಇಂದಿಗೂ ಜಗಳಾಡುತ್ತಾರೆ. ನನ್ನ ಮತ 16ನೇ ಶತಮಾನದ ಕ್ರಾಕೋವ್ ನಗರದ ರಬ್ಬಿ ಮೋಸೆಸ್ ಇಸ್ಸೆರ್ಲೆಸ್‌ರಿಗೆ: ರೂಢಿಗಿಂತ ತುಸು ಹೆಚ್ಚು ಕುಡಿದು ಮಲಗಿಬಿಟ್ಟರೆ ಸಾಕು ಅಂದರು ಅವರು. ನಿದ್ದೆಯಲ್ಲಿ ಹಾಮಾನನೂ ಒಂದೇ, ಮೊರ್ದೆಕೈಯೂ ಒಂದೇ; ಪಕ್ಕದವರ ಕತ್ತೂ ಕ್ಷೇಮ.