ದಾಕ್ಷಿಣ್ಯದ ಸಾರು

ನಮ್ಮೂರಿನಲ್ಲಿ ಯಾರಿಗಾದರೂ ನೆಗಡಿಯಾದರೆ ಔಷಧಿಗಿಂತ ಮೊದಲು ಬರುವುದು ಸಲಹೆ. ಮೂವತ್ತು ವರ್ಷ ಸೀಮೆಸುಣ್ಣದ ಧೂಳು ಕುಡಿದ ನನ್ನ ಮೂಗು ಚಳಿಗಾಲ ಬಂತೆಂದರೆ ಕಟ್ಟಿಕೊಳ್ಳುತ್ತದೆ. ಹುಬ್ಬಿನ ಮೇಲೆ ಕಲ್ಲು ಹೇರಿದಂತೆ ಸೈನಸ್ ನೋವು. ಅಷ್ಟೇ ಆಗಿದ್ದರೆ ಬಂದ ಕಷಾಯಗಳನ್ನೆಲ್ಲ ಕುಡಿದು ಸುಮ್ಮನಿರುತ್ತಿದ್ದೆ. ಆದರೆ ಆರು ವರ್ಷದ ಹಿಂದೆ ನನಗೆ ಸೀಲಿಯಾಕ್ ಕಾಯಿಲೆ ಇದೆಯೆಂದು ಗೊತ್ತಾಯಿತು. ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ಎಂಬ ಅಂಟು ಹೊಟ್ಟೆಗೆ ಹೋದರೆ ದೇಹ ತನ್ನ ಸಣ್ಣ ಕರುಳನ್ನೇ ಗಾಸಿಗೊಳಿಸುತ್ತದೆ. ಅದನ್ನು ಜೀವನಪೂರ್ತಿ ಬಿಡುವುದೊಂದೇ ದಾರಿ. ಚಪಾತಿ ಬಿಟ್ಟು ರಾಗಿಮುದ್ದೆ ಉಣ್ಣುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು, ಕೊಟ್ಟವರನ್ನು ‘ಇದರಲ್ಲಿ ಏನಿದೆ?’ ಎಂದು ಕೇಳುವುದು.

ಒಂದು ಸಂಜೆ ಪಕ್ಕದ ಮನೆಯ ದೊಡ್ಡಮ್ಮ ಬಿಸಿಬಿಸಿ ಮೆಣಸಿನ ಸಾರು ತಂದರು. “ಕುಡಿ ಟೀಚರಮ್ಮ, ಮೂಗು ಬಿಡುತ್ತೆ. ಗೋಧಿ ಗೀಧಿ ಏನೂ ಹಾಕಿಲ್ಲ” ಎಂದರು. ಘಮಘಮ ಇಂಗಿನ ಒಗ್ಗರಣೆ. ಅಂಗಡಿಯ ಕೂಟು ಇಂಗಿಗೆ ಬಹಳ ಕಡೆ ಮೈದಾ ಬೆರೆಸಿರುತ್ತಾರೆ ಎಂಬುದು ನನಗೆ ಗೊತ್ತಿತ್ತು. ಆದರೂ ಆ ನಡುಗುವ ಕೈಯಿಂದ ಲೋಟ ತೆಗೆದುಕೊಂಡು ಕುಡಿದೆ. ಆ ರಾತ್ರಿಯಿಂದ ಮೂರು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದೆ.

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂಬ ಗಾದೆಯನ್ನು ಹೆಂಗಸರಾದ ನಾವು ಎಷ್ಟು ಸಲ ಕೇಳಿದ್ದೇವೆ! ಆದರೂ ಬೇಡ ಎನ್ನುವುದನ್ನು ನಮಗೆ ಯಾರೂ ಕಲಿಸಲಿಲ್ಲ.

ಮಾತ್ರೆಯ ಅಂಗಡಿಯಲ್ಲೂ ಇದೇ ಸಂಕೋಚ. ಅಲರ್ಜಿ ಮಾತ್ರೆಗೆ ಗಾತ್ರ ಕೊಡಲು ಪಿಷ್ಟ ಸೇರಿಸುತ್ತಾರೆ. ಹೆಚ್ಚಾಗಿ ಅದು ಮೆಕ್ಕೆಜೋಳದ್ದೋ ಆಲೂಗಡ್ಡೆಯದೋ ಆಗಿರುತ್ತದೆ, ಅಪರೂಪಕ್ಕೆ ಗೋಧಿಯದೂ ಇರಬಹುದು. ಆಹಾರದ ಪೊಟ್ಟಣದ ಮೇಲೆ ‘ಗ್ಲುಟೆನ್ ರಹಿತ’ ಎಂದು ಬರೆಯಬೇಕಾದರೆ ಅದು ಕಿಲೋಗೆ 20 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದೆ. ಮಾತ್ರೆಯ ಹಾಳೆಯ ಮೇಲೆ ಸಾಮಾನ್ಯವಾಗಿ ಅಂಥ ಮಾತೇ ಇರುವುದಿಲ್ಲ. ಕೇಳಿದರೆ ಹಿಂದೆ ನಿಂತವರು ಗೊಣಗುತ್ತಾರೆ. ತರಗತಿಯಲ್ಲಿ “ಗೊತ್ತಿಲ್ಲದ್ದನ್ನು ಕೇಳಲು ನಾಚಬೇಡಿ” ಎಂದು ಮಕ್ಕಳಿಗೆ ಹೇಳಿದವಳು ನಾನೇ!

ಮಲಗಿದ್ದಾಗ ಒಂದು ಮಾತು ಚುಚ್ಚಿತು. ನಾನು ಸುಮ್ಮನಿದ್ದು ದೊಡ್ಡಮ್ಮನ ಮನಸ್ಸು ಉಳಿಸಿದೆನೆಂದುಕೊಂಡಿದ್ದೆ. ನಿಜವಾಗಿ ಮಾಡಿದ್ದೇನು? ಪ್ರೀತಿಯಿಂದ ಬಂದ ಆಕೆಯ ಕೈಯಿಂದಲೇ, ಆಕೆಗೆ ಗೊತ್ತಿಲ್ಲದಂತೆ, ನನಗೆ ನೋವು ಕೊಡಿಸಿದೆ. ಪ್ರಶ್ನೆ ಕೇಳಿದ್ದರೆ ಆಕೆಗೆ ಒಂದು ಗಳಿಗೆ ಬೇಸರವಾಗುತ್ತಿತ್ತು. ಕೇಳದ್ದರಿಂದ ಆಕೆಯನ್ನು ತಪ್ಪಿನಲ್ಲಿ ಪಾಲುದಾರಳನ್ನಾಗಿ ಮಾಡಿದೆ. ಅನುಮಾನದಿಂದ ಕೇಳುವುದು ಬೇರೆ, ನಂಬಿಕೆಯಿಂದ ಕೇಳುವುದು ಬೇರೆ. ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ ಎಂಬ ನಂಬಿಕೆ ಇದ್ದವರನ್ನೇ ಅಲ್ಲವೇ ನಾವು ಕೇಳುವುದು?

ಎದ್ದ ಮೇಲೆ ಹೋಗಿ ಎಲ್ಲವನ್ನೂ ಹೇಳಿದೆ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಇಂಗಿನ ಡಬ್ಬಿ ತಿರುಗಿಸಿ ಓದಿದರು. “ಅಯ್ಯೋ ಹುಚ್ಚಿ, ಅವತ್ತೇ ಬಾಯಿ ಬಿಡೋದಲ್ವೇನೇ?” ಎಂದರು. ಕಣ್ಣಲ್ಲಿ ನೀರಿತ್ತು.

ಈಗ ಮೂಗು ಕಟ್ಟಿದರೆ ಬರೀ ನೀರಿನ ಹಬೆ ತೆಗೆದುಕೊಳ್ಳುತ್ತೇನೆ. ಕುದಿಸಿ ಆರಿಸಿದ ಉಪ್ಪುನೀರಿನಿಂದ ಮೂಗು ತೊಳೆಯುತ್ತೇನೆ. ಮಾತ್ರೆ ಬೇಕೇ ಬೇಕಾದರೆ ವೈದ್ಯರಿಗೆ ಕಾಯಿಲೆಯ ಹೆಸರು ಹೇಳಿ ಬರೆಸಿಕೊಂಡು, ಅಂಗಡಿಯಲ್ಲೂ ವಿಚಾರಿಸುತ್ತೇನೆ. ಹಿಂದಿನವರು ಗೊಣಗಲಿ.

ಮೊನ್ನೆ ಮತ್ತೆ ಸಾರು ಬಂತು, ಜೀರಿಗೆ ಬೆಳ್ಳುಳ್ಳಿಯ ಒಗ್ಗರಣೆಯದು. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಹೇಳಿದರು: “ಕೇಳು, ಕೇಳಿಯೇ ಕುಡಿ.”