ಲಂಗರಿನ ಹೊಣೆ

ವಿಹಾರವು ಸ್ವತಃ ದೋಷವಲ್ಲ. ದುಡಿಮೆಯಿಂದ ಬಳಲಿದ ಮನಸ್ಸಿಗೆ ಮಿತ್ರರ ಸಂಗವೂ ಪ್ರಕೃತಿಯ ಸಾನ್ನಿಧ್ಯವೂ ಚೇತೋಹಾರಿಯಾದುವು. ಆದರೆ ತನ್ನ ಸಂತೋಷಕ್ಕಾಗಿ ಮನುಷ್ಯನು ಕೈಗೊಂಡ ಕಾರ್ಯದಿಂದ ಕಣ್ಣಿಗೆ ಕಾಣದ ಜೀವಕ್ಕೆ ಹಾನಿಯಾದರೆ, ಅದಕ್ಕೆ ಅವನು ಎಷ್ಟರಮಟ್ಟಿಗೆ ಹೊಣೆಗಾರನು? ಉದ್ದೇಶವಿಲ್ಲದಿದ್ದರೆ ದೋಷವೂ ಇಲ್ಲವೆನ್ನಬಹುದೆ? ಇದು ವಿಚಾರಾರ್ಹವಾದ ಪ್ರಶ್ನೆ.

ಮೆಡಿಟರೇನಿಯನ್ ಸಮುದ್ರದಲ್ಲಿ ಸ್ಪೇನ್ ದೇಶಕ್ಕೆ ಸೇರಿದ ಬಲೆಯಾರಿಕ್ ದ್ವೀಪಸ್ತೋಮವಿದೆ. ಬೇಸಿಗೆಯಲ್ಲಿ ಮಿತ್ರರು ಕೂಡಿ ಹಾಯಿದೋಣಿಯೊಂದನ್ನು ಬಾಡಿಗೆಗೆ ಪಡೆದು, ಇಬಿಝಾದಿಂದ ಫಾರ್ಮೆಂಟೆರಾಕ್ಕೆ, ಒಂದು ಕೊಲ್ಲಿಯಿಂದ ಮತ್ತೊಂದಕ್ಕೆ ಸಂಚರಿಸುವುದು ಅಲ್ಲಿ ವಾಡಿಕೆ. ದೋಣಿಯನ್ನು ನಡೆಸುವುದು ಗಾಳಿ. ಆದುದರಿಂದ ಇದಕ್ಕಿಂತ ನಿರುಪದ್ರವಿಯಾದ ವಿಹಾರ ಬೇರಿಲ್ಲವೆಂದು ತೋರುತ್ತದೆ. ಆದರೆ ಸಂಚಾರದಲ್ಲಿಲ್ಲದ ಹಾನಿ ತಂಗುವಿಕೆಯಲ್ಲಿದೆ. ಸಂಜೆಯಾದೊಡನೆ ಲಂಗರನ್ನು ಇಳಿಸಬೇಕು.

ಆ ನೀರಿನಡಿಯಲ್ಲಿ ಪೊಸಿಡೋನಿಯಾ ಎಂಬ ಸಸ್ಯದ ವಿಶಾಲವಾದ ಹುಲ್ಲುಗಾವಲುಗಳಿವೆ. ಇದು ಪಾಚಿಯಲ್ಲ, ಬೇರು, ಎಲೆ, ಹೂ, ಹಣ್ಣುಗಳುಳ್ಳ, ಮೆಡಿಟರೇನಿಯನ್ನಿಗೇ ವಿಶಿಷ್ಟವಾದ ಸಸ್ಯ. ಮೀನಿನ ಮರಿಗಳಿಗೆ ಇದು ಆಶ್ರಯ, ಮರಳಿಗೆ ಹಿಡಿತ, ಅಲೆಗಳಿಗೆ ತಡೆ. ನೀರು ತಿಳಿಯಾಗಿರಲು ಇದೂ ಒಂದು ಕಾರಣ. ಇದರ ಬೇರುಕಾಂಡವು ವರ್ಷಕ್ಕೆ ಬೆಳೆಯುವುದು ಕೆಲವೇ ಸೆಂಟಿಮೀಟರ್. ಇಬಿಝಾದ ಈ ಸಂಪತ್ತನ್ನೂ ಗಣಿಸಿ ಯುನೆಸ್ಕೊ 1999ರಲ್ಲಿ ಆ ದ್ವೀಪಕ್ಕೆ ವಿಶ್ವಪರಂಪರೆಯ ಮನ್ನಣೆ ನೀಡಿತು. 2018ರಲ್ಲಿ ಬಲೆಯಾರಿಕ್ ಸರ್ಕಾರವು ಈ ಹುಲ್ಲಿನ ಮೇಲೆ ಲಂಗರು ಹಾಕುವುದನ್ನು ನಿಷೇಧಿಸಿತು.

ಲಂಗರಿನ ಸರಪಣಿಯನ್ನು ನೀರಿನ ಆಳದ ಹಲವು ಪಟ್ಟು ಉದ್ದ ಬಿಡಬೇಕಾಗುತ್ತದೆ. ಗಾಳಿ ದಿಕ್ಕು ಬದಲಿಸಿದಂತೆ ದೋಣಿ ತಿರುಗುತ್ತದೆ, ಸರಪಣಿ ತಳವನ್ನು ಗುಡಿಸುತ್ತದೆ. ಮುಂಜಾನೆ ಲಂಗರನ್ನು ಎತ್ತುವಾಗ ಬೇರುಸಹಿತ ಹುಲ್ಲು ಕಿತ್ತು ಬರುತ್ತದೆ. ಒಂದು ರಾತ್ರಿಯ ನಿದ್ರೆಗೆ ಹಲವು ವರ್ಷಗಳ ಬೆಳವಣಿಗೆ ಬಲಿಯಾಗುತ್ತದೆ. ಯಾವ ತಿಳಿನೀರನ್ನು ನೋಡಲು ಬಂದರೋ ಅದರ ಮೂಲವನ್ನೇ ವಿಹಾರಿಗಳು ಕೀಳುತ್ತಾರೆ.

ಇಲ್ಲಿ ಮೂರು ಸಮಾಧಾನಗಳು ಹುಟ್ಟುತ್ತವೆ. ‘ತಿಳಿಯದೆ ಆಯಿತು’ ಎಂಬುದು ಮೊದಲನೆಯದು. ತಿಳಿಯಲು ಅವಕಾಶವೇ ಇಲ್ಲದವನಿಗೆ ಈ ಮಾತು ಸಲ್ಲುತ್ತದೆ. ಆದರೆ ಹಗಲಿನಲ್ಲಿ ಮರಳು ಬೆಳ್ಳಗೂ ಹುಲ್ಲು ಕಪ್ಪಗೂ ಮೇಲಿನಿಂದಲೇ ಕಾಣುತ್ತವೆ. ಬಗ್ಗಿ ನೋಡದವನದು ಅಜ್ಞಾನವಲ್ಲ, ಪ್ರಮಾದ. ‘ಒಂದು ದೋಣಿಯಿಂದ ಏನಾದೀತು?’ ಎಂಬುದು ಎರಡನೆಯದು. ನೂರು ದೋಣಿಗಳವರೂ ಹೀಗೆಯೇ ಹೇಳುತ್ತಾರೆ. ಪ್ರತಿಯೊಬ್ಬನ ಪಾಲು ಅಲ್ಪವೆಂದ ಮಾತ್ರಕ್ಕೆ ಅದು ಶೂನ್ಯವಾಗದು.

ಮೂರನೆಯದು ಸೂಕ್ಷ್ಮವಾದುದು: ‘ಎಲ್ಲರೂ ಒಪ್ಪಿದ್ದರು.’ ಮಿತ್ರಮಂಡಳಿಯಲ್ಲಿ ಬೇಡವೆನ್ನುವವನು ರಸಭಂಗ ಮಾಡಿದನೆನಿಸಿಕೊಳ್ಳುತ್ತಾನೆ. ಆದುದರಿಂದ ತಿಳಿದವನೂ ಮೌನವಾಗುತ್ತಾನೆ. ಅವನ ಮೌನವನ್ನು ಉಳಿದವರು ಸಮ್ಮತಿಯೆಂದು ಎಣಿಸುತ್ತಾರೆ. ಹೀಗೆ ಯಾರೂ ಬಯಸದ ಹಾನಿಯನ್ನು ಎಲ್ಲರೂ ಕೂಡಿ ಮಾಡುತ್ತಾರೆ. ಹಂಚಿಕೊಂಡರೆ ಸಂತೋಷ ಹೆಚ್ಚುವುದು ನಿಜ. ಹೊಣೆಯು ಮಾತ್ರ ಹಂಚಿದ ಕಾರಣಕ್ಕೆ ಕರಗುವುದಿಲ್ಲ. ಸಂಗಡಿಗರ ಮುನಿಸನ್ನು ಸಹಿಸಿ ‘ಇಲ್ಲಿ ಬೇಡ, ಮುಂದಕ್ಕೆ ಹೋಗೋಣ’ ಎನ್ನುವವನೇ ನಿಜವಾದ ಸ್ನೇಹಿತ.

ಹಾಗಾದರೆ ಬಿರುಗಾಳಿ ಎದ್ದು ಜನರ ಪ್ರಾಣಕ್ಕೆ ಅಪಾಯ ಒದಗಿದರೆ? ಆಗ ಪ್ರಾಣರಕ್ಷಣೆಯೇ ಮೊದಲು. ಅದನ್ನು ಅಲ್ಲಗಳೆಯುವ ನೀತಿ ಕ್ರೂರವಾದೀತು. ಆದರೆ ಮಧ್ಯಾಹ್ನವನ್ನು ಜಲಕ್ರೀಡೆಯಲ್ಲಿ ಕಳೆದು, ಕತ್ತಲಾದ ಮೇಲೆ ಬಂದು, ಮರಳಿನ ಜಾಗವೆಲ್ಲ ತುಂಬಿದೆಯೆಂದು ಹುಲ್ಲಿನ ಮೇಲೆ ಲಂಗರು ಬಿಡುವವನು ಅನಿವಾರ್ಯತೆಯ ಹೆಸರು ಹೇಳುವುದು ಸಲ್ಲದು. ಆ ಅನಿವಾರ್ಯವು ಅವನೇ ತಂದುಕೊಂಡದ್ದು.

ಬೇಗ ಹೊರಡುವುದು, ಬೆಳಕಿನಲ್ಲಿ ತಲುಪುವುದು, ಮರಳನ್ನು ಹುಡುಕುವುದು, ದೋಣಿ ಕಟ್ಟಲೆಂದು ತಳಕ್ಕೆ ಬಿಗಿದಿರಿಸಿದ ತೇಲುಗುಂಡುಗಳಿದ್ದಲ್ಲಿ ಅವುಗಳ ಶುಲ್ಕವನ್ನು ಹಂಚಿಕೊಂಡು ತೆರುವುದು, ಇವು ಮಹಾತ್ಯಾಗಗಳೇನಲ್ಲ. ಇವುಗಳಿಂದ ವಿಹಾರದ ಸುಖವೂ ಕುಂದುವುದಿಲ್ಲ. ಸಮುದ್ರವನ್ನೇ ಕಾಣದ ಗೃಹಸ್ಥನೂ ತೀರ್ಥಯಾತ್ರೆಯಲ್ಲಿ, ಮದುವೆಯ ಸಡಗರದಲ್ಲಿ, ಎಲ್ಲಿಯಾದರೊಂದು ಕಡೆ ಲಂಗರನ್ನು ಇಳಿಸುತ್ತಲೇ ಇರುತ್ತಾನೆ. ಇಳಿಸುವ ಮೊದಲು ಕೆಳಗೆ ಏನಿದೆಯೆಂದು ನೋಡುವ ಅಭ್ಯಾಸವೇ ವಿವೇಕ.