ಮಂಚದ ಸರಳಿನ ಮೇಲಿನ ಕೈ

ರೋಗಿಯನ್ನು ಕಾಣಲು ಆಸ್ಪತ್ರೆಗೆ ಹೋದಾಗ ತಮ್ಮ ಕೈ ಎಲ್ಲೆಲ್ಲಿ ತಂಗುತ್ತದೆಂದು ಗಮನಿಸಿದ್ದೀರಾ? ಬಾಗಿಲ ಹಿಡಿ, ಮಂಚದ ಸರಳು, ಡ್ರಿಪ್ಪಿನ ಕಂಬ, ನಡುನಡುವೆ ಮೊಬೈಲು, ಕೊನೆಗೆ ರೋಗಿಯ ಹಣೆ. ಪ್ರೀತಿಯಿಂದ ನೇವರಿಸಿದ ಅದೇ ಕೈ ರೋಗವನ್ನೂ ದಾಟಿಸಿರಬಹುದು. ಸ್ಟೆಫೈಲೊಕಾಕಸ್‌ನಂಥ ರೋಗಾಣುಗಳು ಒಣಗಿದ ವಸ್ತುಗಳ ಮೇಲೆ ತಿಂಗಳುಗಟ್ಟಲೆ ಬದುಕಬಲ್ಲವು. ತೀವ್ರ ಭೇದಿಯನ್ನು ತರುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ರೋಗಾಣುವಿನ ಬೀಜಕಣಗಳಂತೂ ನಾವು ನಂಬಿ ಉಜ್ಜಿಕೊಳ್ಳುವ ಸ್ಯಾನಿಟೈಸರಿಗೂ ಸಾಯುವುದಿಲ್ಲ. ಸೋಪು ಹಚ್ಚಿ ನೀರಿನಲ್ಲಿ ತೊಳೆದೇ ಕಳೆಯಬೇಕು. ಹೀಗಾಗಿ ನಿನ್ನೆ ಮನೆಗೆ ಹೋದವನ ಸೋಂಕು, ಅವನ ಮುಖವನ್ನೇ ಕಾಣದ ಇಂದಿನ ರೋಗಿಗೆ ಹಾಸಿಗೆಯೊಡನೆ ಬಳುವಳಿಯಾಗಿ ಬರುವುದುಂಟು.

ಇಲ್ಲಿ ಅಪರಾಧಿ ಯಾರು? ಉದ್ದೇಶವಿಲ್ಲದೆಡೆ ಅಪರಾಧವಿಲ್ಲ ಎಂಬುದು ನಮ್ಮ ಸಾಮಾನ್ಯ ತಿಳಿವಳಿಕೆ. ಯಾವ ಕೈಯಿಂದ ಬಂತೆಂದು ಪತ್ತೆಹಚ್ಚುವುದೂ ಬಹುಪಾಲು ಅಸಾಧ್ಯ. ಆದರೆ ತಪ್ಪು ಯಾರದ್ದೂ ಅಲ್ಲವೆಂದಾಗ ಹೊಣೆಯೂ ಯಾರದ್ದೂ ಅಲ್ಲವೆಂದಾಗುತ್ತದೆಯೇ? 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್ವೈಸ್, ಶವಗಳನ್ನು ಕೊಯ್ದು ಬರುವ ವೈದ್ಯರು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ನಿಯಮ ಮಾಡಿದನು. ಬಾಣಂತಿಯರ ಸಾವು ಬೇಗನೆ ಇಳಿಯಿತು. ಆದರೂ ಅನೇಕ ವೈದ್ಯರು ಅವನ ಮಾತನ್ನು ಒಪ್ಪಲಿಲ್ಲ. ಗುಣಪಡಿಸುವ ಕೈ ಕೊಲ್ಲಬಹುದೆಂದು ಒಪ್ಪಲು ಅಭಿಮಾನ ಬಿಡದಿದ್ದಿರಬೇಕು.

ಕೈಯಷ್ಟೇ ಅಲ್ಲ, ಕೈ ಮುಟ್ಟುವ ವಸ್ತುಗಳೂ ಲೆಕ್ಕಕ್ಕೆ ಬಂದದ್ದು ನಿಧಾನವಾಗಿ. ಅಮೆರಿಕದ ವೈದ್ಯ ಫಿಲಿಪ್ ಕಾರ್ಲಿಂಗ್ ಮತ್ತು ಸಂಗಡಿಗರು 36 ಆಸ್ಪತ್ರೆಗಳಲ್ಲಿ, ಕಣ್ಣಿಗೆ ಕಾಣದ ಗುರುತನ್ನು ಸರಳು, ಹಿಡಿ, ಗುಂಡಿಗಳಿಗೆ ಹಚ್ಚಿ, ಶುಚಿಗೊಳಿಸಿದ ನಂತರ ವಿಶೇಷ ದೀಪದಲ್ಲಿ ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ ಅವರ ವರದಿಯಂತೆ ನೂರರಲ್ಲಿ 48 ಜಾಗಗಳನ್ನು ಮಾತ್ರ ಒರೆಸಲಾಗಿತ್ತು. ಒರೆಸುವವರಿಗೆ ಫಲಿತಾಂಶವನ್ನು ತೋರಿಸಿ ತರಬೇತಿ ನೀಡಿದ ಮೇಲೆ ಅದು 77ಕ್ಕೆ ಏರಿತು. ಗಮನಿಸಿರಿ: ಹೊಸ ಔಷಧಿಯಲ್ಲ, ಹೊಸ ಯಂತ್ರವಲ್ಲ. ಅದೇ ಜನ, ಅದೇ ಬಟ್ಟೆ.

ನಮ್ಮ ನಾಡಿನಲ್ಲಿ ಈ ಮಾತಿಗೆ ಇನ್ನೊಂದು ಕಹಿಯಿದೆ. ಮಡಿ-ಮೈಲಿಗೆಯ ಹೆಸರಿನಲ್ಲಿ ನಾವು ಕೊಳೆ ತೆಗೆಯುವವರನ್ನೇ ಕೊಳೆಯೆಂದು ದೂರವಿಟ್ಟವರು. ವಾರ್ಡಿನ ನೆಲ ಒರೆಸುವ ಆಯಾಳ ಹೆಸರು ನಮಗೆ ಗೊತ್ತಿಲ್ಲ. ವೈದ್ಯರ ಹೆಸರು ಗೊತ್ತು. ಹಾಸಿಗೆ ಖಾಲಿಯಾದ ಗಳಿಗೆಯಲ್ಲೇ ಮುಂದಿನ ರೋಗಿ ಗಾಲಿಕುರ್ಚಿಯಲ್ಲಿ ಕಾದಿರುವಾಗ, ಆ ಮಂಚವನ್ನು ಸರಿಯಾಗಿ ಒರೆಸಲು ಆಕೆಗೆ ಎಷ್ಟು ನಿಮಿಷ ಕೊಡುತ್ತಾರೆ? ತಮ್ಮಲ್ಲಿ ಆಸ್ಪತ್ರೆಗಳ ಆಡಳಿತ ಮಂಡಳಿಗಳಲ್ಲಿ ಕುಳಿತವರಿದ್ದರೆ, ಮುಂದಿನ ಸಭೆಯಲ್ಲಿ ಈ ಪ್ರಶ್ನೆಯನ್ನು ಕೇಳಬಹುದು. ಉತ್ತರವನ್ನು ಮೊದಲು ಆಯಾಳಿಂದಲೇ ಪಡೆಯಿರಿ.